ಎರಡೇ ನಿಮಿಷ ಲೇಟು

ಅಮೆರಿಕದಲ್ಲಿ ರೈಲು ಓಡಿಸೋ ಡ್ರೈವರ್‌ಗೆ ಏನಂತಾರೆ ಗೊತ್ತಾ? ಇಂಜಿನಿಯರ್! ನಾಲ್ಕು ವರ್ಷ ಇಂಜಿನಿಯರಿಂಗ್ ಕಾಲೇಜಿನ ಬೆಂಚು ಸವೆಸಿ, ಕೊನೆಗೆ ಸ್ಟುಡಿಯೋ ದೀಪಗಳ ಕೆಳಗೆ ಬಂದು ನಿಂತ ನನ್ನಂಥವರಿಗಿಂತ ಆ ಹೆಸರು ಅವರಿಗೇ ಹೆಚ್ಚು ಒಪ್ಪುತ್ತೆ ಬಿಡಿ. ಉಗಿ ಇಂಜಿನ್ ಅಂದ್ರೆ ಬಟನ್ ಒತ್ತಿದರೆ ಓಡೋ ಯಂತ್ರ ಅಲ್ಲ. ಒಂದು ಕಡೆ ಫೈರ್‌ಮನ್ ಸಲಿಕೆ ಸಲಿಕೆ ಕಲ್ಲಿದ್ದಲನ್ನು ಒಲೆಗೆ ಎಸೀತಾನೇ ಇರಬೇಕು. ಬಾಯ್ಲರಿನ ನೀರು ತೀರಾ ಇಳಿದರೆ ಸ್ಫೋಟ. ಏರಿನಲ್ಲಿ ಎಷ್ಟು ಉಗಿ ಬಿಡಬೇಕು, ಇಳಿಜಾರಿನಲ್ಲಿ ಎಷ್ಟು ಉಳಿಸಬೇಕು ಅನ್ನೋದನ್ನ ಡ್ರೈವರ್ ಇಂಜಿನ್ನಿನ ಸದ್ದು ಕೇಳಿಯೇ ತಿಳಿಯಬೇಕು. ಒಂದೊಂದು ಇಂಜಿನ್ನಿಗೂ ಒಂದೊಂದು ಸ್ವಭಾವ, ಥೇಟ್ ಎತ್ತುಗಳ ಹಾಗೆ.

ಅಂಥ ಡ್ರೈವರ್‌ಗಳಲ್ಲಿ ಅಮೆರಿಕ ಇವತ್ತಿಗೂ ಮರೆಯದ ಒಬ್ಬ ಮನುಷ್ಯ ಇದ್ದಾನೆ. ಹೆಸರು ಜಾನ್ ಲೂಥರ್ ಜೋನ್ಸ್. ಬಾಲ್ಯ ಕಳೆದದ್ದು ಕೆಂಟುಕಿ ರಾಜ್ಯದ ಕೇಸಿ ಅನ್ನೋ ಊರಿನ ಹತ್ತಿರ. ಹಾಗಾಗಿ ಜೊತೆಯವರ ಬಾಯಲ್ಲಿ 'ಕೇಸಿ ಜೋನ್ಸ್' ಆದ. ನಮ್ಮಲ್ಲೂ ಹಾಸ್ಟೆಲ್‌ನಲ್ಲಿ ಹುಡುಗರನ್ನ ಊರ ಹೆಸರಿನಿಂದಲೇ ಕರೀತೀವಲ್ಲ, ಹಾಗೆ.

ಆರಡಿ ನಾಲ್ಕಿಂಚಿನ ಆಳು. 1888ರಲ್ಲಿ ಇಲಿನಾಯ್ ಸೆಂಟ್ರಲ್ ರೈಲು ಕಂಪನಿಗೆ ಫೈರ್‌ಮನ್ ಆಗಿ ಸೇರಿದ, 1891ರಲ್ಲಿ ಡ್ರೈವರ್ ಆದ. ಅವನಿಗೆ ಎರಡು ಹುಚ್ಚು. ಒಂದು, ಸೀಟಿ. ಆರು ಕೊಳವೆ ಜೋಡಿಸಿದ ಅವನದೇ ಒಂದು ಸೀಟಿ ಇತ್ತು. ಹಗ್ಗವನ್ನ ನಿಧಾನವಾಗಿ ಎಳೆದು, ನಿಧಾನವಾಗಿ ಬಿಟ್ಟು, ನಮ್ಮ ನತ್ತಿಂಗದ ಜಾತಿಯ ಒಂದು ಇರುಳಹಕ್ಕಿ ಕೂಗಿದ ಹಾಗೆ ಅದನ್ನ ಕೂಗಿಸ್ತಿದ್ದ. ಹಳಿಯ ಪಕ್ಕದ ಊರಿನವರು ನಡುರಾತ್ರಿ ಹಾಸಿಗೆಯಲ್ಲೇ ಮಗ್ಗುಲು ಬದಲಿಸಿ, 'ಓಹ್, ಕೇಸಿ ಹೋದ' ಅಂತಿದ್ರಂತೆ. ಇನ್ನೊಂದು ಹುಚ್ಚು, ಟೈಮು. ಗಾಡಿ ಎಷ್ಟೇ ತಡವಾಗಿ ಅವನ ಕೈಗೆ ಬರಲಿ, ಸರಿಯಾದ ಹೊತ್ತಿಗೆ ಮುಟ್ಟಿಸಬೇಕು.

ಈಗ ಒಂದು ವಿಷಯ ಸ್ಪಷ್ಟವಾಗಿ ಹೇಳಿಬಿಡ್ತೀನಿ. ಕೇಸಿ ನಿಯಮ ತಪ್ಪದ ಸಾಧು ಅಲ್ಲ. ನೌಕರಿಯಲ್ಲಿ 9 ಸಲ ನಿಯಮ ಮುರಿದದ್ದಕ್ಕೆ ಶಿಕ್ಷೆ ಆಗಿತ್ತು, ಒಟ್ಟು 145 ದಿನ ಅಮಾನತು. ಟೈಮಿಗೆ ಸರಿಯಾಗಿ ಮುಟ್ಟಿಸಿದಾಗ ಭೇಷ್ ಅನ್ನೋ ಕಂಪನಿಯೇ, ನಿಯಮ ಮುರಿದಾಗ ಮನೆಗೆ ಕಳಿಸೋದು. ಈ ಎರಡನ್ನೂ ನೆನಪಿಟ್ಟುಕೊಂಡು ಮುಂದೆ ಓದಿ.

1900ರ ಏಪ್ರಿಲ್ 29ರ ರಾತ್ರಿ, ಮೆಂಫಿಸ್ ಊರು. ಕೇಸಿ ಮತ್ತು ಅವನ ಫೈರ್‌ಮನ್ ಸಿಮ್ ವೆಬ್ ಆಗಲೇ ಒಂದು ಗಾಡಿ ತಂದು ಮುಟ್ಟಿಸಿ ಇಳಿದಿದ್ದರು. ಆದರೆ ದಕ್ಷಿಣಕ್ಕೆ ಹೋಗಬೇಕಾದ ಒಂದನೇ ನಂಬರಿನ ಪ್ಯಾಸೆಂಜರ್ ಗಾಡಿಯ ಡ್ರೈವರ್‌ಗೆ ಹುಷಾರಿಲ್ಲ. 'ನೀವು ಹೋಗ್ತೀರಾ?' ಅಂತ ಕೇಳಿದರು. ಕೇಸಿ ಒಪ್ಪಿದ. ರಾತ್ರಿ 11:15ಕ್ಕೆ ಹೊರಡಬೇಕಿದ್ದ ಗಾಡಿ ಹೊರಟಾಗ 12:50. ಅಂದ್ರೆ 95 ನಿಮಿಷ ಲೇಟು. ಮುಂದಿರೋದು ಕ್ಯಾಂಟನ್ ಅನ್ನೋ ಊರಿನ ತನಕ 188 ಮೈಲಿ, ಸುಮಾರು 300 ಕಿಲೋಮೀಟರ್. ಮುಟ್ಟಬೇಕಾದದ್ದು ಬೆಳಗಿನ ಜಾವ 4:05ಕ್ಕೆ.

ಟೈಂಟೇಬಲ್ ಲೆಕ್ಕದಲ್ಲಿ ಆ ಗಾಡಿಗೆ ಗಂಟೆಗೆ ಸರಾಸರಿ 62 ಕಿಲೋಮೀಟರ್ ವೇಗ ಸಾಕು. ಕೇಸಿ ಆ ರಾತ್ರಿ, ನಿಲುಗಡೆಗಳನ್ನೂ ಸೇರಿಸಿ, 90ರ ಆಸುಪಾಸಿನ ಸರಾಸರಿಯಲ್ಲಿ ಓಡಿಸಿದ. ಮಂಜು ಕವಿದಿತ್ತು. ದಾರಿಯಲ್ಲಿ ಬೇಕಾದಷ್ಟು ತಿರುವುಗಳು. ಇಂಜಿನ್ ನಂಬರ್ 382, ಹಿಂದೆ ಆರು ಬೋಗಿ. ಸಿಮ್ ವೆಬ್ಬನ ಸಲಿಕೆ ನಿಂತಿದ್ದೇ ಇಲ್ಲ. ವಾನ್ ಅನ್ನೋ ಸಣ್ಣ ಸ್ಟೇಷನ್ ಹತ್ತಿರ ಬರುವಾಗ 95 ನಿಮಿಷದಲ್ಲಿ 93 ನಿಮಿಷ ವಾಪಸ್ ಬಂದಿತ್ತು. ಎರಡೇ ನಿಮಿಷ ಲೇಟು.

ಅತ್ತ ವಾನ್ ಸ್ಟೇಷನ್ನಿನಲ್ಲಿ ಏನಾಗ್ತಿತ್ತು ನೋಡಿ. ಪಕ್ಕದ ಲೂಪ್ ಲೈನಿನಲ್ಲಿ ಎರಡು ಗೂಡ್ಸ್ ಗಾಡಿ ನಿಂತಿದ್ದವು, 72 ಮತ್ತು 83. ಎರಡೂ ಸೇರಿದರೆ ಆ ಲೈನಿನ ಉದ್ದಕ್ಕಿಂತ ಜಾಸ್ತಿ. ಒಂದು ತುದಿಯಲ್ಲಿ ಕೆಲವು ಡಬ್ಬಿಗಳು ಮುಖ್ಯ ಹಳಿಯ ಮೇಲೆ ಉಳಿದೇ ಉಳಿಯುತ್ತವೆ. ಹಾಗಾದ್ರೆ ಪ್ಯಾಸೆಂಜರ್ ಗಾಡಿ ಹೋಗೋದು ಹೇಗೆ? ಅದಕ್ಕೊಂದು ಉಪಾಯ ಇತ್ತು. ಬರೋ ಗಾಡಿಯ ಕಡೆಯ ತುದಿ ಖಾಲಿಯಾಗೋ ಹಾಗೆ ಎರಡೂ ಗೂಡ್ಸನ್ನ ಆಚೆ ಸರಿಸೋದು. ಗಾಡಿ ಒಳಗೆ ಬಂದ ಮೇಲೆ ಮತ್ತೆ ಈಚೆ ಸರಿಸಿ ಇನ್ನೊಂದು ತುದಿ ಬಿಡಿಸೋದು. ಗರಗಸ ಆಡಿಸಿದ ಹಾಗೆ. ನಮ್ಮ ಇಕ್ಕಟ್ಟಿನ ಗಲ್ಲಿಯಲ್ಲಿ ಎರಡು ಕಾರಿನವರು ಮಾಡೋದೂ ಇದನ್ನೇ.

ಕೇಸಿಗೆ ದಾರಿ ಬಿಡಲು ಹಾಗೆ ಸರಿಸ್ತಾ ಇದ್ದಾಗ 72ನೇ ಗಾಡಿಯ ಗಾಳಿ ಪೈಪ್ ಒಡೀತು. ಇಲ್ಲಿ ಸ್ವಲ್ಪ ಇಂಜಿನಿಯರಿಂಗ್ ಹೇಳಲೇಬೇಕು. ರೈಲಿನ ಏರ್ ಬ್ರೇಕ್‌ನಲ್ಲಿ ಗಾಳಿ ತುಂಬಿದರೆ ಬ್ರೇಕ್ ಹಿಡಿಯುತ್ತೆ ಅಂದುಕೊಂಡಿದ್ದೀರಾ? ಉಲ್ಟಾ. ಉದ್ದಕ್ಕೂ ಹಾದುಹೋಗೋ ಪೈಪಿನಲ್ಲಿ ಗಾಳಿಯ ಒತ್ತಡ ಇರೋ ತನಕ ಬ್ರೇಕ್ ಬಿಟ್ಟಿರುತ್ತೆ. ಒತ್ತಡ ಹೋಯ್ತೋ, ಪ್ರತಿ ಡಬ್ಬಿಯೂ ತನ್ನ ಟ್ಯಾಂಕಿನಲ್ಲಿರೋ ಗಾಳಿಯಿಂದ ತಾನೇ ಬ್ರೇಕ್ ಹಾಕಿಕೊಳ್ಳುತ್ತೆ. ಓಡೋ ರೈಲಿನ ಡಬ್ಬಿ ಕಳಚಿಕೊಂಡರೆ ತಾನಾಗಿ ನಿಲ್ಲಲಿ ಅಂತ ಮಾಡಿದ ಅದ್ಭುತ ಏರ್ಪಾಡು ಅದು. ಸಾವಿರಾರು ಜನರ ಪ್ರಾಣ ಉಳಿಸಿದ ಅದೇ ಏರ್ಪಾಡು ಆ ರಾತ್ರಿ 72ನೇ ಗಾಡಿಯನ್ನ ನಿಂತಲ್ಲೇ ಕಟ್ಟಿಹಾಕಿತು. ಅದು ಸರಿಯದೆ 83 ಕೂಡ ಸರಿಯೋ ಹಾಗಿಲ್ಲ. 83ರ ಕೊನೆಯ ನಾಲ್ಕು ಡಬ್ಬಿ, ಕೇಸಿ ಬರೋ ಹಳಿಯ ಮೇಲೇ ಉಳಿದವು.

ಗಾಡಿ ಎಡಕ್ಕೆ ತಿರುಗೋ ಉದ್ದನೆಯ ತಿರುವಿನಲ್ಲಿತ್ತು. ಡ್ರೈವರ್ ಕೂರೋದು ಬಲಗಡೆ. ಎಡ ತಿರುವಿನಲ್ಲಿ ಬಾಯ್ಲರ್ ಅನ್ನೋ ಆ ಕಬ್ಬಿಣದ ಪೀಪಾಯಿ ಕಣ್ಣಿಗೆ ಅಡ್ಡ ಬರುತ್ತೆ. ಹಾಗಾಗಿ 83ರ ಹಿಂಬದಿಯ ಕೆಂಪು ದೀಪಗಳನ್ನ ಮೊದಲು ಕಂಡವನು ಎಡಗಡೆ ಇದ್ದ ಸಿಮ್ ವೆಬ್. ಕೂಗಿದ. ಹಾರು ಅಂತ ಕೇಸಿ ಅವನಿಗೆ ಹೇಳಿದ. ಡಿಕ್ಕಿಗೆ ಸುಮಾರು 300 ಅಡಿ ಮುಂಚೆ ಸಿಮ್ ಹಾರಿದ, ಬಿದ್ದು ಎಚ್ಚರ ತಪ್ಪಿತು. ಕೇಸಿ ಹಾರಲಿಲ್ಲ. ಬ್ರೇಕ್ ಹಾಕಿ, ಚಕ್ರಗಳನ್ನ ಹಿಂದಕ್ಕೆ ತಿರುಗಿಸೋಕೆ ಒದ್ದಾಡುತ್ತಾ, ಸೀಟಿ ಕೂಗಿಸುತ್ತಾ ಇಂಜಿನ್ನಿನಲ್ಲೇ ಉಳಿದ. 382 ಮೊದಲು ಗಾರ್ಡ್ ಡಬ್ಬಿಯನ್ನ ಸೀಳಿತು, ಆಮೇಲೆ ಹುಲ್ಲಿನ ಡಬ್ಬಿ, ಜೋಳದ ಡಬ್ಬಿ, ಕೊನೆಗೆ ಮರದ ದಿಮ್ಮಿಗಳ ಡಬ್ಬಿಯ ಅರ್ಧಕ್ಕೆ ಹೋಗಿ ನಿಂತಿತು. ಸಮಯ 3:52. ಕೇಸಿಯ ಗಡಿಯಾರ ನಿಂತದ್ದೂ ಆಗಲೇ.

ಆ ಗಾಡಿಯಲ್ಲಿದ್ದ ಪ್ರಯಾಣಿಕರಲ್ಲಿ ಒಬ್ಬರೂ ಸಾಯಲಿಲ್ಲ. ಸತ್ತದ್ದು ಕೇಸಿ ಒಬ್ಬನೇ.

ಇದನ್ನ ಪವಾಡ ಅಂತ ಬಿಟ್ಟುಬಿಡಬೇಡಿ, ಲೆಕ್ಕ ಇದೆ. ಗಂಟೆಗೆ 75 ಮೈಲಿ ಇದ್ದ ವೇಗವನ್ನ ಡಿಕ್ಕಿ ಹೊಡೆಯೋ ಹೊತ್ತಿಗೆ 35ರ ಹತ್ತಿರಕ್ಕೆ ಇಳಿಸಿದ್ದ ಅನ್ನೋದು ಅಂದಾಜು. ವೇಗ ಅರ್ಧಕ್ಕಿಂತ ತುಸು ಕೆಳಗೆ ಇಳಿಯಿತು ಅಷ್ಟೇ ಅಲ್ವಾ ಅನ್ನಬಹುದು. ಆದರೆ ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ತಕ್ಕ ಹಾಗೆ ಬದಲಾಗುತ್ತೆ, ಪಿಯುಸಿ ಫಿಸಿಕ್ಸ್. ಹಾಗೆ ಹಾಕಿದರೆ ಉಳಿದದ್ದು ಮೊದಲಿನ ಶಕ್ತಿಯ ಐದನೇ ಒಂದು ಭಾಗಕ್ಕೆ ಹತ್ತಿರ. ಉಳಿದ ನಾಲ್ಕು ಪಾಲನ್ನ ಆ ಕೆಲವೇ ಸೆಕೆಂಡುಗಳಲ್ಲಿ ಅವನ ಬ್ರೇಕು ತಿಂದುಹಾಕಿತ್ತು.

ಜುಲೈ ತಿಂಗಳಲ್ಲಿ ಕಂಪನಿಯ ವರದಿ ಬಂತು. ಅಪಘಾತಕ್ಕೆ ಸಂಪೂರ್ಣ ಹೊಣೆ ಡ್ರೈವರ್ ಜೋನ್ಸ್ ಅಂತ! ಕಾರಣ ಏನು? 83ರ ಫ್ಲ್ಯಾಗ್‌ಮನ್ ಹಿಂದಕ್ಕೆ 3,000 ಅಡಿ ಓಡಿ ಹೋಗಿ ಹಳಿಯ ಮೇಲೆ ಪಟಾಕಿ ಸಿಗ್ನಲ್ ಇಟ್ಟಿದ್ದನಂತೆ. ಚಕ್ರ ಹತ್ತಿದ ತಕ್ಷಣ ಢಮ್ ಅಂತ ಸಿಡಿದು ಡ್ರೈವರನ್ನ ಎಚ್ಚರಿಸೋ ಡಿಟೋನೇಟರ್ ಅದು, ನಮ್ಮ ಉತ್ತರ ಭಾರತದ ಮಂಜಿನ ಕಾಲದಲ್ಲಿ ಬಳಸ್ತಾರಲ್ಲ, ಅದೇ. ಅಲ್ಲಿಂದ ಇನ್ನೂ ಹಿಂದೆ ಹೋಗಿ ದೀಪ ಬೀಸುತ್ತಾ ನಿಂತಿದ್ದನಂತೆ. ಕೇಸಿ ಲೆಕ್ಕಿಸಲಿಲ್ಲವಂತೆ. 3,000 ಅಡಿ ಅಂದ್ರೆ 900 ಮೀಟರ್. ಕೇಸಿಯ ವೇಗಕ್ಕೆ ಇಪ್ಪತ್ತೇಳು ಸೆಕೆಂಡು. ದೀಪ ನಿಜವಾಗಿ ಅಲ್ಲಿತ್ತು ಅನ್ನೋದಾದರೆ ಅವನಿಗೆ ಅರ್ಧ ನಿಮಿಷ ಸಿಗ್ತಿತ್ತು. ಇರಲಿಲ್ಲ ಅನ್ನೋದಾದರೆ ಸಿಮ್ ಕೂಗಿದ ಮೇಲಿನ ಕೆಲವು ಕ್ಷಣ ಮಾತ್ರ.

ಸಿಮ್ ವೆಬ್ ಪಟಾಕಿಯ ಸದ್ದು ಕೇಳಿಸಿತು ಅಂದ ಅಂತ ಕಂಪನಿಯ ವರದಿ ಹೇಳುತ್ತೆ. ಅದೇ ಸಿಮ್ ವೆಬ್ ವಯಸ್ಸಾದ ಮೇಲೆ, ನಾವು ದೀಪ ನೋಡಲಿಲ್ಲ, ಪಟಾಕಿ ಕೇಳಲಿಲ್ಲ ಅಂತ ಹೇಳ್ತಾ ಹೋದ. ಯಾವುದು ಸತ್ಯ? ಒಂದು ಮಾತು ಗಮನಿಸಿ. ಸಿಮ್ ವೆಬ್ ಕಪ್ಪು ಮನುಷ್ಯ. ಅಂದಿನ ಅಮೆರಿಕದ ದಕ್ಷಿಣ ಭಾಗದ ರಾಜ್ಯಗಳಲ್ಲಿ ಕಪ್ಪು ಜನ ಫೈರ್‌ಮನ್ ಆಗಬಹುದಿತ್ತು, ಡ್ರೈವರ್ ಆಗೋ ಹಾಗಿರಲಿಲ್ಲ. 1900ರಲ್ಲಿ ಅಂಥ ಒಬ್ಬ ಫೈರ್‌ಮನ್ ಕಂಪನಿಯ ದೊಡ್ಡವರ ಮುಂದೆ ನಿಂತು, ನಿಮ್ಮ ಫ್ಲ್ಯಾಗ್‌ಮನ್ ಹೇಳ್ತಿರೋದು ಸುಳ್ಳು ಅಂತ ಹೇಳೋದು ಎಷ್ಟು ಸುಲಭ, ನೀವೇ ಯೋಚಿಸಿ.

ನನ್ನ ಅಭಿಪ್ರಾಯ ಕೇಳಿದರೆ, ಮಂಜಿನಲ್ಲಿ ಆ ವೇಗದಲ್ಲಿ ಬಂದದ್ದು ಕೇಸಿಯ ತಪ್ಪು. ಅದನ್ನ ಮುಚ್ಚಿಡಬೇಕಿಲ್ಲ. ನನಗೆ ಚುಚ್ಚೋದು 'ಸಂಪೂರ್ಣ' ಅನ್ನೋ ಪದ. ಲೈನಿಗಿಂತ ಉದ್ದದ ಗಾಡಿಗಳನ್ನ ಅಲ್ಲಿ ತುಂಬಿದವರು ಯಾರು? 95 ನಿಮಿಷ ಲೇಟಾದ ಗಾಡಿಗೂ ಅದೇ ಹಳೇ ಟೈಮು ಕೊಟ್ಟವರು ಯಾರು? ಆಗಷ್ಟೇ ಒಂದು ಗಾಡಿ ಓಡಿಸಿ ಬಂದವನನ್ನ ಮತ್ತೆ ಹತ್ತಿಸಿದವರು ಯಾರು? ಸತ್ತವನು ಮಾತಾಡೋದಿಲ್ಲ. ತನಿಖೆಗೆ ಅದಕ್ಕಿಂತ ಅನುಕೂಲ ಇನ್ನೇನಿದೆ ಸ್ವಾಮಿ?

ಇದು ನೂರಿಪ್ಪತ್ತು ವರ್ಷದ ಹಿಂದಿನ ಕಥೆ ಅನ್ನಬೇಡಿ. 2024ರ ಜೂನ್ 17ರಂದು ಪಶ್ಚಿಮ ಬಂಗಾಳದ ರಂಗಾಪಾನಿ ಹತ್ತಿರ ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಹಿಂದಿನಿಂದ ಗೂಡ್ಸ್ ಗಾಡಿ ಗುದ್ದಿತು. ಗೂಡ್ಸ್ ಡ್ರೈವರ್ ಸತ್ತ. ಅವತ್ತೇ ಮೇಲಿನವರಿಂದ ಬಂದ ಮಾತು: ಡ್ರೈವರ್ ಸಿಗ್ನಲ್ ಲೆಕ್ಕಿಸಲಿಲ್ಲ. ನಮ್ಮ ಟಿವಿಗಳೂ ಅದನ್ನೇ ಕೆಂಪು ಪಟ್ಟಿಯಲ್ಲಿ ಓಡಿಸಿದವು. ಒಂದು ತಿಂಗಳಲ್ಲಿ ರೈಲ್ವೆ ಸುರಕ್ಷತಾ ಆಯುಕ್ತರ ವರದಿ ಬಂತು. ಬೆಳಗಿನಿಂದಲೇ ಅಲ್ಲಿ ಆಟೋಮ್ಯಾಟಿಕ್ ಸಿಗ್ನಲ್ ಕೆಟ್ಟಿತ್ತು, ಡ್ರೈವರ್‌ಗೆ ಕೊಟ್ಟ ಅನುಮತಿ ಚೀಟಿಯೇ ಸರಿ ಇರಲಿಲ್ಲ, ಎಷ್ಟು ವೇಗದಲ್ಲಿ ಹೋಗಬೇಕು ಅಂತ ಬರೆದಿರಲಿಲ್ಲ, ಲೋಪ ಹಲವು ಹಂತಗಳಲ್ಲಿ ಆಗಿತ್ತು. ಆ ವರದಿಗೆ ಕೆಂಪು ಪಟ್ಟಿ ಓಡಲಿಲ್ಲ ಅನ್ನೋದನ್ನ ಈ ಕುರ್ಚಿಯಲ್ಲಿ ಕೂತು ನಾನೇ ಹೇಳಬೇಕು.

ಕೇಸಿಯ ವಿಷಯದಲ್ಲಿ ಕಂಪನಿಯ ವರದಿಯನ್ನ ಸೋಲಿಸಿದ್ದು ಒಂದು ಹಾಡು. ಕ್ಯಾಂಟನ್ ಶೆಡ್‌ನಲ್ಲಿ ಇಂಜಿನ್ ಒರೆಸೋ ಕೆಲಸ ಮಾಡ್ತಿದ್ದ ವ್ಯಾಲೇಸ್ ಸಾಂಡರ್ಸ್, ಅವನೂ ಕಪ್ಪು ಮನುಷ್ಯನೇ, ಗೆಳೆಯನ ಮೇಲೆ ಹಾಡು ಕಟ್ಟಿ ಗುನುಗುತ್ತಿದ್ದ. ಅದು ಬಾಯಿಂದ ಬಾಯಿಗೆ ಹೋಗಿ, ರಂಗಮಂಚಕ್ಕೆ ಏರಿ, 1909ರಲ್ಲಿ ಬೇರೆ ಇಬ್ಬರ ಹೆಸರಿನಲ್ಲಿ ಅಚ್ಚಾಯಿತು. ಸಾಂಡರ್ಸ್‌ಗೆ ಒಂದು ಬಾಟಲಿ ಜಿನ್ ಸಿಕ್ಕಿತು ಅನ್ನೋ ಮಾತಿದೆ, ಅಷ್ಟೇ. ಮುಂದೆ ಮುಷ್ಕರ ಮಾಡ್ತಿದ್ದ ಕಾರ್ಮಿಕರಿಗಾಗಿ ಜೋ ಹಿಲ್ ಅದೇ ಹಾಡನ್ನ ತಿರುಚಿ, ಕೇಸಿಯನ್ನ ಮುಷ್ಕರ ಮುರಿಯೋ ದ್ರೋಹಿ ಮಾಡಿಬಿಟ್ಟ. ಪಾಪ, ಕೇಸಿಗೂ ಆ ಮುಷ್ಕರಕ್ಕೂ ಸಂಬಂಧವೇ ಇಲ್ಲ, ಅವನು ಸತ್ತು ಹತ್ತು ವರ್ಷ ದಾಟಿತ್ತು. 1950ರಲ್ಲಿ ಅಮೆರಿಕ ಸರ್ಕಾರ ರೈಲು ಡ್ರೈವರ್‌ಗಳ ಗೌರವಕ್ಕೆ ಅಂಚೆಚೀಟಿ ತಂದಾಗ ಅದರ ಮೇಲೆ ಹಾಕಿದ್ದು ಕೇಸಿಯ ಮುಖವನ್ನೇ.

ಮನೆಯಲ್ಲಿ ಹೆಂಡತಿ ಜೇನಿ ಮತ್ತು ಮೂವರು ಮಕ್ಕಳು. ವಿಮೆಯಿಂದ ಬಂದದ್ದು 3,000 ಡಾಲರ್. ಪಿಂಚಣಿ ಅನ್ನೋದು ಇರಲಿಲ್ಲ, ಅಮೆರಿಕದ ರೈಲು ನೌಕರರಿಗೆ ಆ ವ್ಯವಸ್ಥೆ ಬಂದದ್ದೇ 1937ರಲ್ಲಿ. ಸಾಲದ್ದಕ್ಕೆ ಅಚ್ಚಾದ ಹಾಡಿನ ಕೊನೆಯಲ್ಲಿ ಯಾರೋ ಒಂದು ಕೀಟಲೆ ಸೇರಿಸಿದ್ದರು. ಗಂಡ ಸತ್ತ ಸುದ್ದಿ ಕೇಳಿದ ಹೆಂಡತಿ ಮಕ್ಕಳಿಗೆ, ಅಳಬೇಡಿ, ಬೇರೆ ಲೈನಿನಲ್ಲಿ ನಿಮಗೆ ಇನ್ನೊಬ್ಬ ಅಪ್ಪ ಇದ್ದಾನೆ ಅಂದಳು ಅನ್ನೋ ಅರ್ಥದ ಸಾಲು. ದೇಶವೆಲ್ಲ ಅದನ್ನ ಹಾಡಿ ನಕ್ಕಿತು. ಆ ಹೆಂಗಸು ಆ ಸಾಲು ಸುಳ್ಳು ಅಂತ ಹೇಳ್ತಾ ಬದುಕಿನುದ್ದಕ್ಕೂ ಹೋರಾಡಿದಳು. ಮತ್ತೆ ಮದುವೆ ಆಗಲಿಲ್ಲ.

382ನ್ನ ಕಂಪನಿ ರಿಪೇರಿ ಮಾಡಿಸಿ ಮತ್ತೆ ಹಳಿಗೆ ಇಳಿಸಿತು. ಅದು ಗುಜರಿಗೆ ಹೋದದ್ದು 1935ರಲ್ಲಿ. ಸಿಮ್ ವೆಬ್ 1957ರ ತನಕ ಬದುಕಿದ್ದ. ಜೇನಿ ತೀರಿಕೊಂಡದ್ದು 1958ರಲ್ಲಿ. ಗಂಡ ಹೋದ ಮೇಲಿನ ಆ ಐವತ್ತೆಂಟು ವರ್ಷ, ಹೆಚ್ಚುಕಡಿಮೆ ಪ್ರತಿದಿನವೂ ಆಕೆ ಉಟ್ಟದ್ದು ಕಪ್ಪು ಬಟ್ಟೆ.