ಸುಮ್ಮನಿರಲು ಕಲಿತ ಯಂತ್ರ

ಹೃದಯವನ್ನು ಹಗಲಿರುಳು ಓಡಿಸುವ ಬ್ಯಾಟರಿ ಎಂದೇ ಬಹುತೇಕ ಜನ ತಿಳಿದಿರುವ ಪೇಸ್‌ಮೇಕರ್, ವಾಸ್ತವದಲ್ಲಿ ತನ್ನ ಆಯುಸ್ಸಿನ ಹೆಚ್ಚಿನ ಭಾಗವನ್ನು ಹೃದಯದ ವಿದ್ಯುತ್ ಚಟುವಟಿಕೆಯನ್ನು ಆಲಿಸುವುದರಲ್ಲೇ ಕಳೆಯುತ್ತದೆ. ಹೃದಯ ತಾನಾಗಿ ಬಡಿದರೆ ಅದು ಸುಮ್ಮನಿರುತ್ತದೆ, ಬಡಿಯಲು ತಡವಾದರೆ ಮಾತ್ರ ಮಿಡಿಯುತ್ತದೆ. ಮೊದಲ ಪೇಸ್‌ಮೇಕರುಗಳಿಗೆ ಈ ವಿವೇಕ ಇರಲಿಲ್ಲ. ಅದು ಹೇಗೆ ಬಂತು ಎಂಬುದೇ ಈ ಯಂತ್ರದ ನಿಜವಾದ ಚರಿತ್ರೆ, ಮತ್ತು ಆ ಚರಿತ್ರೆ ಇನ್ನೂ ಮುಗಿದಿಲ್ಲ ಎಂಬುದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಂತಹ ಏರುತಗ್ಗಿನ ಸೀಮೆಯಲ್ಲಿ ಬಯಲುಸೀಮೆಗಿಂತ ಸ್ಪಷ್ಟವಾಗಿ ಕಾಣುತ್ತದೆ.

ಹೃದಯಕ್ಕೆ ತನ್ನದೇ ಆದ ವಿದ್ಯುತ್ ವ್ಯವಸ್ಥೆಯಿದೆ. ಬಲ ಹೃತ್ಕರ್ಣದ ಗೋಡೆಯಲ್ಲಿರುವ ಸೈನಸ್ ಗಂಟು, ಅಂದರೆ 1907ರಲ್ಲಿ ಆರ್ಥರ್ ಕೀತ್ ಮತ್ತು ಮಾರ್ಟಿನ್ ಫ್ಲ್ಯಾಕ್ ಗುರುತಿಸಿದ ಜೀವಕೋಶಗಳ ಸಣ್ಣ ಸಮೂಹ, ವಿಶ್ರಾಂತಿಯಲ್ಲಿ ನಿಮಿಷಕ್ಕೆ 60ರಿಂದ 100 ಬಾರಿ ಸಂಕೇತ ಹೊರಡಿಸುತ್ತದೆ. ಆ ಸಂಕೇತ ಮೇಲಿನ ಕೋಣೆಗಳಾದ ಹೃತ್ಕರ್ಣಗಳನ್ನು ಸಂಕುಚಿಸಿ, ಜಪಾನಿನ ಸುನಾವೊ ತವಾರ 1906ರಲ್ಲಿ ವಿವರಿಸಿದ ಎವಿ ಗಂಟಿನಲ್ಲಿ ಕ್ಷಣಕಾಲ ತಡೆದು, ಕೆಳಗಿನ ಕೋಣೆಗಳಾದ ಹೃತ್ಕುಕ್ಷಿಗಳಿಗೆ ಇಳಿಯುತ್ತದೆ. ಈ ದಾರಿ ಪೂರ್ತಿ ಕಡಿದುಹೋದರೆ ಹೃತ್ಕುಕ್ಷಿಗಳು ತಮ್ಮ ಪಾಡಿಗೆ ನಿಮಿಷಕ್ಕೆ 30–40 ಬಾರಿ ಬಡಿಯತೊಡಗುತ್ತವೆ, ಕೆಲವೊಮ್ಮೆ ಹಲವು ಸೆಕೆಂಡು ಬಡಿಯುವುದೇ ಇಲ್ಲ. ಆಗ ಮಿದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲಿಟ್ಟು ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಈ ಬೀಳುವಿಕೆಯನ್ನು ಪಿತ್ತವೆಂದೋ ಮೂರ್ಛೆರೋಗವೆಂದೋ ಭಾವಿಸಿ ತಿಂಗಳುಗಟ್ಟಲೆ ಬೇರೆ ಔಷಧ ತೆಗೆದುಕೊಳ್ಳುವುದು ಅಪರೂಪವಲ್ಲ. ನಿಜ ಕಾರಣ ತಿಳಿಯಲು ಒಂದು ಇಸಿಜಿ ಬೇಕು. ಮಂಗಳೂರಿನ ಕೆಎಂಸಿಯ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತ್ 2018ರಲ್ಲಿ ಆರಂಭಿಸಿದ ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್ಸ್’ ಕರಾವಳಿ ಮತ್ತು ಮಲೆನಾಡಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಕೊಟ್ಟು, ಅಲ್ಲಿ ತೆಗೆದ ಚಿತ್ರವನ್ನು ವಾಟ್ಸ್‌ಆ್ಯಪ್ ಮೂಲಕ ತಜ್ಞರು ನೋಡುವ ವ್ಯವಸ್ಥೆ ಮಾಡಿದ್ದರ ಮಹತ್ವ ಇರುವುದು ಇಲ್ಲಿಯೇ: ಪೇಸ್‌ಮೇಕರ್ ಹಾಕುವ ಆಸ್ಪತ್ರೆ ಘಟ್ಟದ ಕೆಳಗಿದ್ದರೂ, ಅದು ಬೇಕೆಂಬ ತಿಳಿವಳಿಕೆ ಘಟ್ಟದ ಮೇಲೆಯೇ ಸಿಗಬೇಕು.

ಪೂರ್ತಿಯಾಗಿ ದೇಹದೊಳಗೆ ಇರಿಸಿದ ಮೊದಲ ಪೇಸ್‌ಮೇಕರನ್ನು ಸ್ವೀಡನ್ನಿನ ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ತಯಾರಿಸಿದರು. ಶಸ್ತ್ರವೈದ್ಯ ಓಕೆ ಸೆನ್ನಿಂಗ್ ಅದನ್ನು 1958ರ ಅಕ್ಟೋಬರ್ 8ರಂದು ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ 43 ವರ್ಷದ ಆರ್ನೆ ಲಾರ್ಸನ್ನರ ದೇಹಕ್ಕೆ ಜೋಡಿಸಿದರು. ಬೂಟ್ ಪಾಲಿಶ್ ಡಬ್ಬಿಯನ್ನೇ ಅಚ್ಚಾಗಿಸಿ ಎಪಾಕ್ಸಿ ರಾಳದಲ್ಲಿ ಎರಕಹೊಯ್ದ ಆ ಯಂತ್ರ ಕೆಲವೇ ಗಂಟೆಗಳಲ್ಲಿ ಕೆಟ್ಟಿತಾದರೂ, ಲಾರ್ಸನ್ ಮುಂದೆ ಒಟ್ಟು 26 ಪೇಸ್‌ಮೇಕರುಗಳೊಂದಿಗೆ ಬದುಕಿ 2001ರಲ್ಲಿ, 86ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ಪೀಳಿಗೆಯ ಯಂತ್ರಗಳು ನಿಗದಿತ ವೇಗದಲ್ಲಿ ಮಿಡಿಯುತ್ತಿದ್ದವೇ ಹೊರತು ಹೃದಯ ಏನು ಮಾಡುತ್ತಿದೆ ಎಂಬುದರ ಅರಿವು ಅವಕ್ಕೆ ಇರಲಿಲ್ಲ. ಹೃದಯದ ಸ್ವಂತ ಬಡಿತ ಮರಳಿದ ರೋಗಿಯಲ್ಲಿ ಎರಡು ಲಯಗಳು ಪೈಪೋಟಿಗೆ ಬೀಳುತ್ತಿದ್ದವು. ಬಡಿದ ಸ್ನಾಯು ಚೇತರಿಸಿಕೊಳ್ಳುತ್ತಿರುವ ಹೊತ್ತು ಇಸಿಜಿಯಲ್ಲಿ ಟಿ ಅಲೆಯಾಗಿ ಕಾಣುತ್ತದೆ. ಆ ಹೊತ್ತಿನಲ್ಲಿ ಯಂತ್ರದ ಮಿಡಿತ ಬಿದ್ದರೆ ಹೃತ್ಕುಕ್ಷಿ ಲಯ ಕಳೆದುಕೊಂಡು ಬರಿದೇ ಕಂಪಿಸುವ ಮಾರಕ ಸ್ಥಿತಿಗೆ ಜಾರುವ ಅಪಾಯವಿತ್ತು. ಜೀವ ಉಳಿಸಲು ಇಟ್ಟ ಯಂತ್ರವೇ ಜೀವಕ್ಕೆ ಎರವಾಗಬಹುದಿತ್ತು.

1960ರ ದಶಕದ ಮಧ್ಯದಲ್ಲಿ ಬಾರೂಖ್ ಬೆರ್ಕೊವಿಟ್ಸ್ ರೂಪಿಸಿದ ‘ಡಿಮ್ಯಾಂಡ್’ ಪೇಸ್‌ಮೇಕರ್, ಅಂದರೆ ಅಗತ್ಯವಿದ್ದಾಗ ಮಾತ್ರ ಮಿಡಿಯುವ ಯಂತ್ರ, ಈ ಕುರುಡುತನವನ್ನು ನೀಗಿತು. ಅದರ ತರ್ಕ ಸರಳ. ಕನಿಷ್ಠ ವೇಗವನ್ನು ನಿಮಿಷಕ್ಕೆ 60 ಎಂದು ಇಟ್ಟರೆ ಯಂತ್ರದೊಳಗಿನ ಗಡಿಯಾರ 1000 ಮಿಲಿಸೆಕೆಂಡ್ ಎಣಿಸತೊಡಗುತ್ತದೆ; ಅಷ್ಟರೊಳಗೆ ಹೃದಯದ ಬಡಿತ ಗೋಚರಿಸಿದರೆ ಎಣಿಕೆ ಮತ್ತೆ ಮೊದಲಿಂದ ಶುರುವಾಗುತ್ತದೆ, ಗೋಚರಿಸದಿದ್ದರೆ ಒಂದು ಮಿಡಿತ ಹೊರಡುತ್ತದೆ. ಮಿಡಿತವನ್ನು ಹೃದಯಕ್ಕೆ ಮುಟ್ಟಿಸುವ ತಂತಿಯ ಮೂಲಕವೇ ಕೇಳುವುದೂ ನಡೆಯುತ್ತದೆ.

ಕಷ್ಟವಿರುವುದು ‘ಬಡಿತ ಗೋಚರಿಸಿದರೆ’ ಎಂಬ ಷರತ್ತಿನಲ್ಲಿ. ಹೃತ್ಕುಕ್ಷಿಯ ಗೋಡೆಗೆ ತಾಗಿದ ತಂತಿಯ ತುದಿಗೆ ಬಡಿತವೊಂದು ಸಾಮಾನ್ಯವಾಗಿ 5ರಿಂದ 15 ಮಿಲಿವೋಲ್ಟಿನ ಸಂಕೇತವಾಗಿ ತಲುಪುತ್ತದೆ, ಹೃತ್ಕರ್ಣದ ಸಂಕೇತ ಇನ್ನೂ ಸಣ್ಣದು. ಎಷ್ಟು ಮಿಲಿವೋಲ್ಟ್ ಮೀರಿದರೆ ಅದನ್ನು ಬಡಿತವೆಂದು ಎಣಿಸಬೇಕು ಎಂಬ ಮಿತಿಯನ್ನು ವೈದ್ಯರು ನಿಗದಿಪಡಿಸುತ್ತಾರೆ. ಅದನ್ನು ತೀರಾ ಮೇಲಿಟ್ಟರೆ ಯಂತ್ರಕ್ಕೆ ನಿಜವಾದ ಬಡಿತವೂ ಕೇಳಿಸದೆ ಅನಗತ್ಯವಾಗಿ ಮಿಡಿಯುತ್ತದೆ; ತೀರಾ ಕೆಳಗಿಟ್ಟರೆ ಬೇರಾವುದೋ ಗದ್ದಲವನ್ನು ಬಡಿತವೆಂದು ನಂಬಿ, ಮಿಡಿಯಬೇಕಾದಾಗಲೂ ಸುಮ್ಮನಿರುತ್ತದೆ. ಎರಡನೆಯ ತಪ್ಪು ಮೊದಲನೆಯದಕ್ಕಿಂತ ಭೀಕರ. ಆದ್ದರಿಂದ ಎತ್ತರವೊಂದನ್ನೇ ನೆಚ್ಚದೆ ಸಂಕೇತ ಎಷ್ಟು ಕಡಿದಾಗಿ ಏರುತ್ತದೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಾಗುತ್ತದೆ. ಬಡಿತದ ಸಂಕೇತ ಥಟ್ಟನೆ ಏರುತ್ತದೆ, ಟಿ ಅಲೆ ನಿಧಾನವಾಗಿ ಉಬ್ಬುತ್ತದೆ, ಹಾಗಾಗಿ ನಿಧಾನದ ಅಲೆಗಳನ್ನು ಸೋಸಿಬಿಡುವ ಫಿಲ್ಟರಿನಿಂದ ಎರಡನ್ನೂ ಬೇರ್ಪಡಿಸಬಹುದು.

ಇದೇ ಕಡಿದಾದ ಏರಿನ ತತ್ತ್ವದ ಮೇಲೆ ಕರ್ನಾಟಕದಲ್ಲಿಯೂ ಗಂಭೀರ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಐ.ಎಸ್.ಎನ್. ಮೂರ್ತಿ ಮತ್ತು ಮಂಡ್ಯದ ಪಿಇಎಸ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ ಬಂದಿದ್ದ ಎಂ.ಆರ್. ರಂಗರಾಜ್ ಇಸಿಜಿಯಿಂದ ಬಡಿತವನ್ನು ಗುರುತಿಸುವ ಗಣಿತ ವಿಧಾನವೊಂದನ್ನು 1979ರಲ್ಲಿ ಪ್ರಕಟಿಸಿದರು: ಸಂಕೇತ ಕ್ಷಣದಿಂದ ಕ್ಷಣಕ್ಕೆ ಎಷ್ಟು ಬದಲಾಗುತ್ತದೆ ಎಂದು ಅಳೆದು, ಆ ವ್ಯತ್ಯಾಸವನ್ನು ವರ್ಗಗೊಳಿಸಿ, ಸರಾಸರಿಯಿಂದ ನಯಗೊಳಿಸಿದರೆ ಪ್ರತಿ ಬಡಿತದ ಜಾಗದಲ್ಲಿ ಒಂದೇ ಒಂದು ಎತ್ತರದ ಶಿಖರ ಉಳಿದು, ಉಳಿದ ಅಲೆಗಳು ತಗ್ಗುತ್ತವೆ. ಮುಂದೆ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯಕ್ಕೆ ಹೋದ ಇದೇ ರಂಗರಾಜ್, ರಂಗರಾಜ್ ರಂಗಯ್ಯನ್ ಎಂಬ ಹೆಸರಿನಲ್ಲಿ ಜೈವಿಕ ಸಂಕೇತಗಳ ವಿಶ್ಲೇಷಣೆ ಕುರಿತು ಬರೆದ ಗ್ರಂಥದಲ್ಲಿ ಈ ವಿಧಾನವೂ ಸೇರಿದೆ. ಇದು ಮೈಮೇಲಿನ ಇಸಿಜಿಗೆ ಸಂಬಂಧಿಸಿದ ಕೆಲಸವೇ ಆದರೂ, ದೇಹದೊಳಗಿನ ಯಂತ್ರ ಎದುರಿಸುವ ಪ್ರಶ್ನೆಯೂ ಇದೇ. ನಾಡಿನ ತಂತ್ರಜ್ಞಾನದ ಚರಿತ್ರೆ ಬರೆಯುವವರು ಇದನ್ನು ಇನ್ನೂ ಹೆಚ್ಚು ನೆನೆಯಬೇಕಿತ್ತು.

ಗದ್ದಲ ಎಲ್ಲೆಲ್ಲಿಂದ ಬರುತ್ತದೆ ಎಂಬುದು ಬದುಕುವ ರೀತಿಯನ್ನು ಅವಲಂಬಿಸಿದೆ. ಹಿಂದಿನ ಏಕಧ್ರುವ ತಂತಿಗಳಲ್ಲಿ ಒಂದು ಎಲೆಕ್ಟ್ರೋಡ್ ಹೃದಯದಲ್ಲಿ, ಇನ್ನೊಂದು ಎದೆಯ ಮೇಲಿನ ಯಂತ್ರದ ಕವಚದಲ್ಲೇ ಇರುತ್ತಿದ್ದುದರಿಂದ, ಸೌದೆ ಒಡೆಯುವಂತಹ ಕೆಲಸದಲ್ಲಿ ಎದೆಯ ಸ್ನಾಯು ಹೊಮ್ಮಿಸುವ ವಿದ್ಯುತ್ತನ್ನೂ ಯಂತ್ರ ಬಡಿತವೆಂದು ಭಾವಿಸುವ ಸಾಧ್ಯತೆಯಿತ್ತು. ಎರಡೂ ಎಲೆಕ್ಟ್ರೋಡುಗಳನ್ನು ತಂತಿಯ ತುದಿಯಲ್ಲೇ ಒತ್ತಾಗಿ ಇರಿಸುವ ದ್ವಿಧ್ರುವ ತಂತಿಗಳು ಈ ಸಮಸ್ಯೆಯನ್ನು ಬಹುಮಟ್ಟಿಗೆ ಕಳೆದಿವೆ. ಕಾಡುಹಂದಿ, ಆನೆಗಳಿಗೆ ಹೆದರಿ ತೋಟಗಳ ಸುತ್ತ ಎಳೆಯುವ ಐಬೆಕ್ಸ್ ವಿದ್ಯುತ್ ಬೇಲಿಯನ್ನು ಮುಟ್ಟಿದರೆ ಬರುವ ಬಿಡಿಬಿಡಿ ಆಘಾತ, ಅರ್ಥಿಂಗ್ ಸರಿಯಿಲ್ಲದ ಪಂಪ್‌ಸೆಟ್ಟಿನಿಂದ ಸೋರುವ ವಿದ್ಯುತ್, ವೆಲ್ಡಿಂಗ್ ಯಂತ್ರ ಇವೆಲ್ಲ ಇಂದಿಗೂ ಪೇಸ್‌ಮೇಕರ್ ಇರುವವರು ದೂರವಿಡಬೇಕಾದವುಗಳೇ. ಕಳೆ ಕೊಚ್ಚುವ ಪೆಟ್ರೋಲ್ ಯಂತ್ರದ ಎಂಜಿನ್ನನ್ನು ಎದೆಯಿಂದ ಕನಿಷ್ಠ ಒಂದು ಅಡಿ ದೂರವಾದರೂ ಹಿಡಿಯಬೇಕು. ಎಡೆಬಿಡದೆ ಗದ್ದಲ ಬರುತ್ತಿದ್ದರೆ ಆಧುನಿಕ ಯಂತ್ರ ಅದನ್ನು ಗದ್ದಲವೆಂದೇ ಗುರುತಿಸಿ, ಕೇಳುವುದನ್ನು ಬಿಟ್ಟು ನಿಗದಿತ ವೇಗದಲ್ಲಿ ಮಿಡಿಯತೊಡಗುತ್ತದೆ. ಅನುಮಾನ ಬಂದಾಗ ಅದು ಲಾರ್ಸನ್ನರ ಕಾಲದ ಕ್ರಮಕ್ಕೇ ಮರಳುತ್ತದೆ ಎನ್ನಬಹುದು.

ಬಡಿತವನ್ನು ಆಲಿಸಲು ಕಲಿತ ಯಂತ್ರಕ್ಕೆ ಮುಂದಿನ ಪಾಠ ಶ್ರಮವನ್ನು ಅರಿಯುವುದಾಗಿತ್ತು. ಸೈನಸ್ ಗಂಟು ಆರೋಗ್ಯವಾಗಿದ್ದು ಕೆಳಗಿನ ದಾರಿ ಮಾತ್ರ ಕಡಿದಿದ್ದರೆ ತೊಂದರೆಯಿಲ್ಲ, ಏಕೆಂದರೆ ಎರಡು ಕೋಣೆಗಳಿಗೂ ತಂತಿ ಇರುವ ಪೇಸ್‌ಮೇಕರ್ ಹೃತ್ಕರ್ಣದ ಸಂಕೇತವನ್ನು ಹಿಡಿದು, ಸುಮಾರು 120ರಿಂದ 200 ಮಿಲಿಸೆಕೆಂಡ್ ತಡೆದು ಹೃತ್ಕುಕ್ಷಿಗೆ ದಾಟಿಸುತ್ತದೆ; ಗುಡ್ಡ ಹತ್ತುವಾಗ ಗಂಟು ಚುರುಕಾದಂತೆ ಯಂತ್ರವೂ ಚುರುಕಾಗುತ್ತದೆ. ಗಂಟೇ ಸೊರಗಿದವರಿಗೆ ಮಾತ್ರ ಹೊರಗಿನ ಸುಳಿವು ಬೇಕು. 1980ರ ದಶಕದಲ್ಲಿ ಯಂತ್ರದ ಕವಚಕ್ಕೆ ಪೀಜೋವಿದ್ಯುತ್ ಹರಳನ್ನು, ಅಂದರೆ ಒತ್ತಿದಾಗ ವಿದ್ಯುತ್ ಹೊಮ್ಮಿಸುವ ಹರಳನ್ನು ಅಂಟಿಸಿ ಮೈಯ ಅಲುಗಾಟವನ್ನು ಅಳೆಯಲಾಯಿತು. ಆಮೇಲೆ ಚಲನೆಯ ವೇಗವೃದ್ಧಿಯನ್ನು ಅಳೆಯುವ ಆಕ್ಸೆಲೆರೊಮೀಟರ್ ಬಂತು.

ಸಮತಟ್ಟಾದ ನೆಲದಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ಆದರೆ ಮನೆ ಮೇಲೆ, ಅಡಕೆ ತೋಟ ಕೆಳಗಿನ ಕಣಿವೆಯಲ್ಲಿ ಇರುವ ಮಲೆನಾಡಿನಲ್ಲಿ ಅದರ ದೋಷ ದಿನನಿತ್ಯ ಎದುರಾಗುವಂಥದ್ದು. ತೋಟಕ್ಕೆ ಇಳಿಯುವಾಗ ಹೆಜ್ಜೆ ಹೆಜ್ಜೆಗೂ ಮೈ ಜೋರಾಗಿ ಕುಲುಕುವುದರಿಂದ ಯಂತ್ರ ವೇಗ ಹೆಚ್ಚಿಸುತ್ತದೆ. ಹೊರೆ ಹೊತ್ತು ನಿಧಾನವಾಗಿ ಏರು ಹತ್ತುವಾಗ, ಹೃದಯಕ್ಕೆ ನಿಜವಾಗಿ ವೇಗ ಬೇಕಾದಾಗ, ಅಲುಗಾಟ ಕಡಿಮೆಯಿರುವುದರಿಂದ ಅದು ಅಷ್ಟಾಗಿ ಸ್ಪಂದಿಸುವುದಿಲ್ಲ. ಶೃಂಗೇರಿಯಿಂದ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಜೀಪಿನಲ್ಲಿ ಸಾಗುವಾಗ ಸುಮ್ಮನೆ ಕುಳಿತವರ ಬಡಿತವನ್ನೂ ಹಳೆಯ ಹರಳಿನ ಯಂತ್ರಗಳು ಏರಿಸಬಲ್ಲವಾಗಿದ್ದವು. ಇದಕ್ಕೆ ಪರಿಹಾರವಾಗಿ ಉಸಿರಾಟವನ್ನು ಅಳೆಯುವ ಸಂವೇದಕ ರೂಪುಗೊಂಡಿತು: ತಂತಿ ಮತ್ತು ಕವಚದ ನಡುವೆ ಅತಿ ಸಣ್ಣ ವಿದ್ಯುತ್ ಹರಿಸಿದರೆ ಶ್ವಾಸಕೋಶ ಉಬ್ಬಿದಾಗ ತಡೆ ಹೆಚ್ಚುತ್ತದೆ, ಕುಗ್ಗಿದಾಗ ಇಳಿಯುತ್ತದೆ, ಆ ಏರಿಳಿತದಿಂದ ಉಸಿರಿನ ವೇಗ ಮತ್ತು ಆಳ ಎರಡೂ ತಿಳಿಯುತ್ತವೆ. ಏರು ಹತ್ತುವವರು ಏದುಸಿರು ಬಿಡುವುದರಿಂದ ಇದು ಶ್ರಮಕ್ಕೆ ಹೆಚ್ಚು ನಿಷ್ಠವಾದ ಅಳತೆ, ಆದರೆ ಆರಂಭದಲ್ಲಿ ತುಸು ನಿಧಾನ. ಹೀಗಾಗಿ ಕೆಲವು ಯಂತ್ರಗಳು ಅಲುಗಾಟವನ್ನೂ ಉಸಿರನ್ನೂ ಜೊತೆಗೂಡಿಸಿ ನಿರ್ಧರಿಸುತ್ತವೆ.

ಯಂತ್ರದ ಈ ಎಲ್ಲ ಹೊಂದಿಕೆಗಳನ್ನು ಶಸ್ತ್ರಕ್ರಿಯೆಯಿಲ್ಲದೆ, ಹೊರಗಿನ ಪ್ರೋಗ್ರಾಮರ್ ಯಂತ್ರದಿಂದ ಕೆಲವೇ ನಿಮಿಷಗಳಲ್ಲಿ ಬದಲಿಸಬಹುದು. ಆದರೆ ವೇಗದ ಸ್ಪಂದನವನ್ನು ಹೊಂದಿಸುವಾಗ ರೋಗಿಯನ್ನು ನಡೆಸಿ ನೋಡುವುದು ಆಸ್ಪತ್ರೆಯ ಸಮತಟ್ಟಾದ ಕಾರಿಡಾರಿನಲ್ಲಿ. ಅಲ್ಲಿ ಸರಿಕಂಡ ಹೊಂದಿಕೆ ತೋಟದ ಏರಿನಲ್ಲಿ ಸಾಲದಿರಬಹುದು. ಏರಿನ ಅರ್ಧದಲ್ಲೇ ಸುಸ್ತಾಗುತ್ತದೆ, ಇಳಿಯುವಾಗ ಎದೆ ಡವಗುಟ್ಟುತ್ತದೆ ಎಂಬ ಮಾತನ್ನು ವಯಸ್ಸಿನ ದೋಷವೆಂದು ತಳ್ಳಿಹಾಕದೆ ತಪಾಸಣೆಯ ದಿನ ವೈದ್ಯರ ಮುಂದಿಟ್ಟರೆ, ಯಂತ್ರದ ನೆನಪಿನಲ್ಲಿ ಉಳಿದಿರುವ ಬಡಿತದ ವೇಗಗಳ ದಾಖಲೆಯೊಂದಿಗೆ ಅದನ್ನು ತಾಳೆ ನೋಡಿ, ಸ್ಪಂದನದ ಪ್ರಮಾಣವನ್ನು ಆಗಲೇ ತಿದ್ದಲು ಸಾಧ್ಯ.