ಮನೆಯ ಕ್ರಯವೂ ಅದರ ಅಳತೆಯೂ

ಸಂತೆಯಲ್ಲಿ ಬದನೆಕಾಯಿಗೂ ಚೌಕಾಸಿ ಮಾಡುವ ಗೃಹಸ್ಥನು, ಜೀವಮಾನದ ಗಳಿಕೆಯನ್ನೆಲ್ಲ ಸುರಿದು ಹೊಸ ಮನೆಯನ್ನು ಕೊಳ್ಳುವಾಗ ಬಿಲ್ಡರು ಹೇಳಿದ ಕ್ರಯಕ್ಕೆ ತಲೆದೂಗಿಬಿಡುವುದುಂಟು. ಕೆಲವರು ಚದರಡಿಗೆ 100 ರೂಪಾಯಿ ಇಳಿಸಿಕೊಂಡು, ಗೆದ್ದೆವೆಂದು ಹಿಗ್ಗುವರು.

ಆದರೆ ದರಕ್ಕಿಂತ ಮೊದಲು ವಿಚಾರಿಸತಕ್ಕದ್ದು ಅಳತೆಯನ್ನು. ಬೆಂಗಳೂರಿನಂತಹ ನಗರದಲ್ಲಿ ಒಂದು ಫ್ಲ್ಯಾಟಿಗೆ, ಹೊರಗೋಡೆ, ಮೆಟ್ಟಿಲು, ಲಿಫ್ಟುಗಳ ಪಾಲನ್ನೂ ಸೇರಿಸಿ 1,200 ಚದರಡಿಯೆಂದು ಲೆಕ್ಕವಿಟ್ಟು, ಚದರಡಿಗೆ 6,000 ರೂಪಾಯಿಯಂತೆ 72 ಲಕ್ಷ ಕೇಳಿದರೆನ್ನೋಣ. ನಾವು ಓಡಾಡುವ ನೆಲವು 900 ಚದರಡಿಯೇ ಆಗಿದ್ದ ಪಕ್ಷದಲ್ಲಿ ನಿಜವಾದ ದರವು 8,000 ರೂಪಾಯಿ! ಈ ಒಳಯಳತೆಗೆ, ರೇರಾ ಎಂದು ಹೆಸರಾದ 2016ನೆಯ ಇಸವಿಯ ಕಾಯಿದೆಯು ‘ಕಾರ್ಪೆಟ್ ಏರಿಯಾ’ ಎಂಬ ಹೆಸರಿನಲ್ಲಿ ಲಕ್ಷಣವನ್ನು ಹೇಳಿದೆ. ಆದಕಾರಣ ಚೌಕಾಸಿಯು ಇದರ ಮೇಲೆಯೇ ನಡೆಯಬೇಕು.

ದರವನ್ನು ಇಳಿಸಿದರೆ ಉಳಿದವರೂ ಕೇಳುವರೆಂದು ಬಿಲ್ಡರು ಹಿಂಜರಿಯಬಹುದು. ಆಗ ವಾಹನದ ಜಾಗ, ನೀರು, ವಿದ್ಯುತ್ತು ಮುಂತಾದ ಬಿಡಿ ವೆಚ್ಚಗಳನ್ನು ಕ್ರಯದೊಳಗೇ ಸೇರಿಸುವಂತೆ ಕೇಳುವುದು ಯುಕ್ತ. ಒಪ್ಪಿದುದೆಲ್ಲವೂ ಬರಹದಲ್ಲಿರಲಿ. ಮಾರಾಟದ ಕರಾರು ನೋಂದಣಿಯಾಗುವ ಮುನ್ನ ಕ್ರಯದ ಶೇಕಡ 10ಕ್ಕಿಂತ ಹೆಚ್ಚನ್ನು ಪಡೆಯಲು ಅದೇ ಕಾಯಿದೆಯು ಬಿಡದು. ಅಷ್ಟನ್ನಾದರೂ, ಕರಾರಿನ ಕರಡನ್ನು ಮನೆಮಂದಿಯೆಲ್ಲ ಕುಳಿತು ಓದಿ ಮುಗಿಸುವವರೆಗೆ ಕೊಡದಿರುವುದೇ ಲೇಸೆಂದು ವಾಚಕರಲ್ಲಿ ನಮ್ಮ ಅರಿಕೆ.