ಪ್ಲೂಟೊ ಆಚೆಯ ವೀಕ್ಷಣಾಲಯ

ಭೂಮಿಯಿಂದ ನೂರಾರು ಕೋಟಿ ಕಿಲೋಮೀಟರ್ ಆಚೆ ಹೋದ ನೌಕೆಗೆ, ಇಲ್ಲಿನ ಅತಿ ದೊಡ್ಡ ದೂರದರ್ಶಕಕ್ಕೂ ಸಿಗದ ಒಂದು ಅನುಕೂಲವಿದೆ. ಅದು ಇರುವ ಜಾಗವೇ ಆ ಅನುಕೂಲ. ಇದನ್ನು ಚೆನ್ನಾಗಿ ಬಳಸಿಕೊಂಡದ್ದು ನಾಸಾದ ನ್ಯೂ ಹೊರೈಜನ್ಸ್. 2006ರ ಜನವರಿ 19ರಂದು ಹೊರಟ ಈ ನೌಕೆ 2015ರ ಜುಲೈ 14ರಂದು ಪ್ಲೂಟೊ ಪಕ್ಕ ಹಾದು, 2019ರ ಜನವರಿ 1ರಂದು ಅರೊಕೋಥ್ ಎಂಬ ಪುಟ್ಟ ಹಿಮಕಾಯವನ್ನೂ ದಾಟಿತು. ಇದರಲ್ಲಿರುವ 'ಲೋರಿ' ಕ್ಯಾಮೆರಾದ ಕನ್ನಡಿಯ ವ್ಯಾಸ 20.8 ಸೆಂಟಿಮೀಟರ್ ಮಾತ್ರ. ಹವ್ಯಾಸಿಗಳು ಮನೆಯ ತಾರಸಿಯ ಮೇಲೆ ನಿಲ್ಲಿಸಿಕೊಳ್ಳುವ ದೂರದರ್ಶಕದಷ್ಟೇ ದೊಡ್ಡದು.

ನೋಡುವ ಜಾಗ ಬದಲಾದರೆ ಹತ್ತಿರದ ನಕ್ಷತ್ರ, ದೂರದ ನಕ್ಷತ್ರಗಳ ಹಿನ್ನೆಲೆಯಲ್ಲಿ ತುಸು ಸರಿದಂತೆ ಕಾಣುತ್ತದೆ. ಈ ಪ್ಯಾರಲ್ಯಾಕ್ಸ್‌ನಿಂದಲೇ ಜರ್ಮನಿಯ ಫ್ರೀಡ್ರಿಕ್ ಬೆಸೆಲ್ 1838ರಲ್ಲಿ ಒಂದು ನಕ್ಷತ್ರದ ದೂರವನ್ನು ಲೆಕ್ಕ ಹಾಕಿದ. ಆದರೆ ಸೂರ್ಯನ ಆಚೆ ಬದಿಗೆ ಭೂಮಿ ತಲುಪಲು ಆರು ತಿಂಗಳು ಕಾಯಬೇಕು. ಆಗಲೂ ಸಿಗುವ ಅಂತರ 30 ಕೋಟಿ ಕಿ.ಮೀ. ಅಷ್ಟೇ. 2020ರ ಏಪ್ರಿಲ್ 22 ಮತ್ತು 23ರಂದು ನ್ಯೂ ಹೊರೈಜನ್ಸ್ ಸುಮಾರು 700 ಕೋಟಿ ಕಿ.ಮೀ. ದೂರದಿಂದ ಪ್ರಾಕ್ಸಿಮಾ ಸೆಂಟಾರಿ, ವುಲ್ಫ್ 359 ನಕ್ಷತ್ರಗಳ ಚಿತ್ರ ತೆಗೆಯಿತು. ಅದೇ ಹೊತ್ತಿಗೆ ಭೂಮಿಯಿಂದಲೂ ಚಿತ್ರಗಳನ್ನು ತೆಗೆಯಲಾಯಿತು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಪ್ರಾಕ್ಸಿಮಾ ಜಾಗ ಬದಲಿಸಿರುವುದು ಬರಿಗಣ್ಣಿಗೇ ಗೊತ್ತಾಗುತ್ತದೆ. ನಿಖರತೆಯಲ್ಲಿ, ನಕ್ಷತ್ರಗಳ ದೂರ ಅಳೆದ ಗಾಯಾ ನೌಕೆಯ ಅಳತೆಗಳೇ ಮುಂದು, ನಿಜ. ಆದರೂ ನಕ್ಷತ್ರಗಳು ನಮ್ಮಿಂದ ಬೇರೆ ಬೇರೆ ದೂರದಲ್ಲಿವೆ ಎಂಬುದನ್ನು ಇಷ್ಟು ನೇರವಾಗಿ ತೋರಿಸಿದ ಚಿತ್ರಗಳು ಹಿಂದೆ ಇರಲಿಲ್ಲ.

ಇದಕ್ಕಿಂತ ದೊಡ್ಡ ಲಾಭ ಅಲ್ಲಿನ ಕತ್ತಲು. ಧೂಮಕೇತು, ಕ್ಷುದ್ರಗ್ರಹಗಳು ಉದುರಿಸಿದ ಧೂಳು ಸೌರವ್ಯೂಹದ ಒಳಭಾಗದಲ್ಲಿ ತುಂಬಿಕೊಂಡಿದ್ದು, ಬಿಸಿಲನ್ನು ಚದುರಿಸುತ್ತದೆ. ಹಬಲ್ ದೂರದರ್ಶಕ ಕೂಡ ಈ ಮಬ್ಬಿನ ಮೂಲಕವೇ ನೋಡಬೇಕು. 15 ಲಕ್ಷ ಕಿ.ಮೀ. ಆಚೆಯ ಜೇಮ್ಸ್ ವೆಬ್ ಕೂಡ ಅದರಿಂದ ಪಾರಾಗಿಲ್ಲ. ಕ್ಷುದ್ರಗ್ರಹಗಳ ಪಟ್ಟಿ ದಾಟಿದರೆ ಈ ಬೆಳಕು ಬಹುತೇಕ ಇಲ್ಲವಾಗುತ್ತದೆ ಎಂದು 1970ರ ದಶಕದಲ್ಲೇ ಪಯೋನಿಯರ್ 10 ನೌಕೆ ತೋರಿಸಿತ್ತು. ಪ್ಲೂಟೊ ಆಚೆಯ ಆಕಾಶವಂತೂ ಹಬಲ್‌ಗೆ ಕಾಣುವುದಕ್ಕಿಂತ ಸುಮಾರು ಹತ್ತು ಪಟ್ಟು ಕಪ್ಪು.

ನಕ್ಷತ್ರ, ಗೆಲಾಕ್ಸಿಗಳ ಬೆಳಕನ್ನೆಲ್ಲ ಕಳೆದ ಮೇಲೆ ಆಕಾಶದಲ್ಲಿ ಏನಾದರೂ ಬೆಳಕು ಉಳಿಯುತ್ತದೆಯೇ? ನ್ಯೂ ಹೊರೈಜನ್ಸ್‌ನ ಹಿಂದಿನ ಕೆಲವು ಅಳತೆಗಳು ಉಳಿಯುತ್ತದೆ ಎಂದವು. ಗೊತ್ತಿರುವ ಗೆಲಾಕ್ಸಿಗಳಿಂದ ಬರಬೇಕಾದದ್ದರ ಸುಮಾರು ಇಮ್ಮಡಿ ಬೆಳಕು ಕಂಡಿತ್ತು. ಅದರ ಮೂಲ ಯಾರಿಗೂ ತಿಳಿಯಲಿಲ್ಲ. ಹೀಗಾಗಿ 2023ರಲ್ಲಿ, ನೌಕೆ ಸುಮಾರು 850 ಕೋಟಿ ಕಿ.ಮೀ. ದೂರದಲ್ಲಿದ್ದಾಗ, ಮತ್ತೆ ಅಳೆದರು. ಬಿಸಿಲು ಕ್ಯಾಮೆರಾಕ್ಕೆ ತಾಗದಂತೆ ನೌಕೆಯ ಒಡಲನ್ನೇ ಮರೆ ಮಾಡಿ, ಕ್ಷೀರಪಥದ ದಟ್ಟ ಪಟ್ಟಿಯನ್ನು ಬಿಟ್ಟು ಸುಮಾರು ಎರಡು ಡಜನ್ ಕಡೆ ನೋಡಿದರು. ನಕ್ಷತ್ರಗಳ ನಡುವಿನ ಧೂಳು ಚದುರಿಸುವ ಬೆಳಕನ್ನು ಪ್ಲಾಂಕ್ ಉಪಗ್ರಹದ ನಕ್ಷೆಗಳ ನೆರವಿನಿಂದ ಲೆಕ್ಕ ಹಾಕಿ ಕಳೆದರು. 2024ರಲ್ಲಿ ಪ್ರಕಟವಾದ ಫಲಿತಾಂಶ ಸ್ಪಷ್ಟವಾಗಿತ್ತು: ಹೀಗೆ ಅಳೆದ ಬೆಳಕಿಗೆ ಗೆಲಾಕ್ಸಿಗಳೇ ಸಾಕು, ಬೇರೆ ಮೂಲ ಬೇಕಿಲ್ಲ. ಒಗಟು ಬಿಡಿಸಿದ ಈ ಅಳತೆಯೇ ನೌಕೆಯ ಖಗೋಳ ಕೆಲಸದಲ್ಲಿ ಅತ್ಯಂತ ಮುಖ್ಯವಾದದ್ದು.

ಕೆಲಸ ನಿಧಾನ. ಆ ದೂರದಿಂದ ರೇಡಿಯೊ ಸಂಕೇತ ಭೂಮಿ ಮುಟ್ಟಲು ಸುಮಾರು ಎಂಟು ಗಂಟೆ ಬೇಕು. ನೌಕೆಯ ಪರಮಾಣು ಬ್ಯಾಟರಿಯ ಶಕ್ತಿಯೂ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ಇನ್ನೂ ಆಚೆ ಇರುವ ವಾಯೇಜರ್‌ಗಳ ಕ್ಯಾಮೆರಾಗಳು ಆರಿ ದಶಕಗಳೇ ಆಗಿವೆ. ಆದ್ದರಿಂದ ಹೊರಗ್ರಹಗಳ ಕಡೆ ಇನ್ನು ಮುಂದೆ ಹೊರಡುವ ಪ್ರತಿ ನೌಕೆಯೂ ಇಂಥ ಒಂದು ಪುಟ್ಟ ದೂರದರ್ಶಕವನ್ನು ಹೊತ್ತೊಯ್ಯಬೇಕು.